ಯಾವ ದಡದ ಲೆಕ್ಕ

ಇಕಿಟೋಸಿನಿಂದ ಮೋಟಾರು ದೋಣಿಯಲ್ಲಿ ಬಂದ ಡಾಕ್ಟರ್ ವಾಲ್ಕಾರ್ಸೆಲ್
ಮೊದಲು ಕೈ ತೊಳೆದರು, ಆಮೇಲೆ ಕನ್ನಡಕ,
ಆಮೇಲೆ ನನ್ನ ಪೆನ್ನು.
"ಏಪ್ರಿಲ್ಲಿಗೆ ಹನ್ನೊಂದು" ಅಂದರು.
ನನ್ನ ರಿಜಿಸ್ಟರಿನಲ್ಲಿ ತೊಂಬತ್ತಾರು.
ಹಿಂದಿನ ವರ್ಷದ ಏಪ್ರಿಲ್ಲನ್ನೂ ತೆರೆದು ತೋರಿಸಿದೆ:
ಹದಿನಾಲ್ಕು. ಅದರಲ್ಲೊಂದು ಹಾವು, ಎರಡು ಹೆರಿಗೆ.

"ಗಂಟಲಿಗೆ ಕಡ್ಡಿ ಹಾಕಿ ನೋಡಿದ್ದೇ ಹನ್ನೊಂದು ಮಂದಿಯನ್ನು,
ಎಡೆಲ್ಮಿರಾ. ಕಡ್ಡಿ ಬಂದದ್ದೇ ಹನ್ನೆರಡು."
ಹನ್ನೆರಡನೆಯದು ಮೇಯರರ ಮೂಗಿಗೆ.
ಅವರಿಗೆ ಬರೀ ನೆಗಡಿ.

ಕಟ್ಟೆಯ ಮೇಲೆ ಕೂತ ಬಡಗಿ ಫೋರ್ತುನಾತೊ ನಕ್ಕ.
ಅವನ ಲೆಕ್ಕ ಹಲಗೆಯಲ್ಲಿ:
ದೊಡ್ಡವರಿಗೆ ಆರು, ಮಗುವಿಗೆ ಮೂರು,
ಮರ ಮುಗಿದ ಮೇಲೆ ಸ್ವಂತ ದೋಣಿಯ ತಳ ಕಿತ್ತಿದ್ದ.
"ನೂರಾ ಹದಿನೆಂಟು" ಅಂದ.
ಅವನ ಲೆಕ್ಕಕ್ಕೂ ತೂತುಂಟು.
ಅಳತೆ ತೆಗೆಸಿಕೊಂಡ ಹೆರ್ಮೆಲಿಂದಾ ಅಜ್ಜಿ ಎದ್ದು ಕೂತಳು,
ಪೆಟ್ಟಿಗೆಯಲ್ಲೀಗ ಮರಗೆಣಸಿನ ಹಿಟ್ಟು ತುಂಬಿಡುತ್ತಾಳೆ.
ಕಾಡಂಚಿನ ಕುಕಾಮಾ ಕೇರಿಯವರು ಪೆಟ್ಟಿಗೆ ಕೇಳಲೇ ಇಲ್ಲ,
ಚಾಪೆ ಸುತ್ತಿದರು.

ಡಾಕ್ಟರು ಕೆಟ್ಟವರಲ್ಲ.
ಮಾಸ್ಕಿನ ದಾರ ಕಿವಿಯ ಹಿಂದೆ ಗಾಯ ಮಾಡಿತ್ತು.
"ಕೆಮ್ಮಿದವರನ್ನೆಲ್ಲ ಬರೆದರೆ
ಕ್ಷಯದವರೆಲ್ಲಿ ಹೋದರು? ಮಲೇರಿಯಾದವರು?
ಈ ವರ್ಷ ಅವರಿಗೆಲ್ಲ ರಜೆಯೇ?
ಹೆಚ್ಚು ಬರೆದದ್ದೂ ಸುಳ್ಳೇ, ಮಗಳೇ.
ನಾಳೆ ಯಾರೋ ಬಂದು ಒಂದು ಹೆಸರು ಹಿಡಿದೆಳೆದರೆ
ಉಳಿದ ಹೆಣಿಗೆಯೆಲ್ಲ ಬಿಚ್ಚಿಕೊಳ್ಳುತ್ತೆ."
ನನ್ನಲ್ಲಿ ಉತ್ತರ ಇರಲಿಲ್ಲ. ಪುಟ ತಿರುವಿದೆ.

ಆಮೇಲೆ ಒಂದು ಪ್ರತ್ಯಯಕ್ಕೆ ಜಗಳ.
ರೋಗದಿಂದ ಸತ್ತನೋ, ರೋಗದೊಡನೆ ಸತ್ತನೋ?
ಇಂದ, ಒಡನೆ. ಇಂದ, ಒಡನೆ.
ಮೂವತ್ತು ವರ್ಷ ಸಕ್ಕರೆಯೊಡನೆ ಬಾಳಿದ ಮೇಷ್ಟ್ರಿಗೆ
ಇದರೊಡನೆ ಒಂಬತ್ತು ದಿನ ಬಾಳಲಾಗಲಿಲ್ಲ.
ಯಾರೊಡನೆ ಯಾರು ಹೋದಂತಾಯಿತು?

ತೆಲ್ಮೊ ಮುರಾಯಾರಿಯ ಕಾಗದ ಸಿಕ್ಕಿದ್ದು ಆಗ.
ಮಾರಾನ್ಯೋನ್ ನದಿಯ ಮೇಲೆ, ಲಾಂಚಿನ ಜೋಲಿಯಲ್ಲಿ,
ನಮ್ಮೂರು ಬಿಟ್ಟು ಐದು ತಾಸು, ಆಸ್ಪತ್ರೆಗಿನ್ನೂ ಏಳು.
ನಮ್ಮ ಜಿಲ್ಲೆ ಬರೆದಿತ್ತು: ಇಲ್ಲಿಂದ ಜೀವಂತ ಹೋದ.
ಆ ಜಿಲ್ಲೆ: ಇಲ್ಲಿಗೆ ಜೀವಂತ ಬರಲಿಲ್ಲ.
ಎರಡೂ ನಿಜ, ಎರಡಕ್ಕೂ ಮೊಹರು.
ಲಾಂಚಿನ ಯಜಮಾನನ ಹೆಸರು, ದೇವರಾಣೆ, ಆರ್ಕಿಮೆಡೆಸ್.
ಅವನ ಪುಸ್ತಕದಲ್ಲಿ: ಹತ್ತಿದವರು ಅರವತ್ತೆರಡು,
ನಡೆದು ಇಳಿದವರು ಅರವತ್ತೊಂದು,
ಹಿಂದಿರುಗಿಸಿದ ಹಣ ಇಲ್ಲ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಮಕ್ಕಳು
ಚಿಕ್ಕವರನ್ನು ಸೇರಿಸಿಕೊಳ್ಳುತ್ತಾರಲ್ಲ,
ಹಾಗೆ ತೆಲ್ಮೊ, ಐವತ್ತನಾಲ್ಕರ ಗಂಡಸು.

ಹೆಂಡತಿ ಸೆನೋವಿಯಾಳನ್ನು ಕರೆಸಿದೆವು.
ಎರಡು ಮೀಟರು ದೂರ, ಬಾಗಿಲಾಚೆಯ ಸ್ಟೂಲು.
ಜ್ವರ ಇತ್ತೇ, ಡಾಕ್ಟರು ಕೇಳಿದರು.
"ಮಧ್ಯಾಹ್ನದ ಬಿಸಿಲಲ್ಲಿ ಎಲ್ಲರಿಗೂ ಇತ್ತು."
ವಾಸನೆ ತಿಳಿಯುತ್ತಿತ್ತೇ?
"ಸುಟ್ಟ ಮೀನು ಮೂಗಿಗೇ ಹಿಡಿದೆ.
ಬಿಸಿನೀರು ಕೊಟ್ಟೆಯಾ ಅಂದ."

ಡಾಕ್ಟರು ಕನ್ನಡಕ ತೆಗೆದು ಮತ್ತೆ ತೊಳೆದರು.
ಕಡ್ಡಿ ಇಲ್ಲ, ಕಡ್ಡಿಗೆ ಗಂಟಲೂ ಇಲ್ಲ.
"ಹನ್ನೆರಡು" ಅಂದರು, ತಮಗೆ ತಾವೇ ಅಂದುಕೊಂಡಂತೆ,
"ಆದರೆ ಯಾವ ಜಿಲ್ಲೆಗೆ? ನಡುನೀರೇ ಗಡಿ.
ಬಲದಡವಾದರೆ ನಮ್ಮದು."

ಸೆನೋವಿಯಾ ಸೆರಗಿಲ್ಲದ ಹೆಗಲನ್ನು ಎರಡೂ ಕೈಯಿಂದ ಹಿಡಿದಳು.
"ನೀರಿಗೆ ಬಿದ್ದ ಒಂದು ಮರ, ಮರದ ಮೇಲೆ ಎರಡು ಆಮೆ.
ಅದನ್ನು ತೋರಿಸುತ್ತಿದ್ದೆ. ಆಗ ಕೈ ಸಡಿಲಾಯಿತು."

ಬಲಕ್ಕೋ, ಎಡಕ್ಕೋ?

"ಹೋಗುವಾಗ ಬಲಕ್ಕೆ.
ಅವನನ್ನು ಕರೆದುಕೊಂಡು ಬರುವಾಗ
ಎಡಕ್ಕಿತ್ತು.
ಆಮೆ ಒಂದೇ ಉಳಿದಿತ್ತು."